ಕ್ಯಾಮರಾನ್ ಕ್ರೇಜೀಸ್

ಕ್ಯಾಮರಾನ್ ಕ್ರೇಜೀಸ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಡ್ಯೂಕ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡವನ್ನು ಬೆಂಬಲಿಸುವ ವಿದ್ಯಾರ್ಥಿ ಪ್ರೇಕ್ಷಕ ಸಮೂಹಕ್ಕೆ ಬಂದಿರುವ ಹೆಸರು. ಉತ್ತರ ಕೆರೊಲಿನಾ ರಾಜ್ಯದ ಡರ್ಹಮ್ ನಗರದಲ್ಲಿರುವ ಕ್ಯಾಮರಾನ್ ಒಳಾಂಗಣ ಕ್ರೀಡಾಂಗಣದಿಂದ ಈ ಹೆಸರು ಬಂದಿದೆ. ಕಾಲೇಜು ಪಂದ್ಯಗಳಿಗೆ ವಿದ್ಯಾರ್ಥಿಗಳನ್ನು ಸೆಳೆಯುವ ಬಗೆಯನ್ನು ಚರ್ಚಿಸುವಾಗ ಈ ಸಮೂಹವನ್ನು ಹೆಚ್ಚಾಗಿ ಉದಾಹರಿಸಲಾಗುತ್ತದೆ.

ಕ್ರೀಡಾಂಗಣ ಮತ್ತು ಆಸನ ವ್ಯವಸ್ಥೆ

1940ರಲ್ಲಿ ಆರಂಭವಾದ ಈ ಕ್ರೀಡಾಂಗಣಕ್ಕೆ 1972ರಲ್ಲಿ ಎಡ್ಡಿ ಕ್ಯಾಮರಾನ್ ಅವರ ಹೆಸರನ್ನು ಇಡಲಾಯಿತು. ಇದರಲ್ಲಿ 9,314 ಜನರಿಗೆ ಸ್ಥಳಾವಕಾಶವಿದೆ. ಪ್ರಮುಖ ಕಾಲೇಜು ತಂಡಗಳ ಕ್ರೀಡಾಂಗಣಗಳ ಪೈಕಿ ಇದು ಚಿಕ್ಕದು. ಅಂಕಣಕ್ಕೆ ತಾಗಿದಂತಿರುವ ಕೆಳಗಿನ ಸಾಲುಗಳು ವಿದ್ಯಾರ್ಥಿಗಳಿಗೆ ಮೀಸಲಾಗಿವೆ. ದಾನಿಗಳು ಹಾಗೂ ಇತರ ಟಿಕೆಟ್‌ದಾರರು ಮೇಲಿನ ಸಾಲುಗಳಲ್ಲಿ ಕುಳಿತುಕೊಳ್ಳುತ್ತಾರೆ. ಪದವಿ ವಿದ್ಯಾರ್ಥಿಗಳಿಗೆ ಪ್ರವೇಶ ಉಚಿತವಾಗಿದ್ದು, ಮೊದಲು ಬಂದವರಿಗೆ ಮೊದಲ ಆದ್ಯತೆ ದೊರೆಯುತ್ತದೆ. ಛಾವಣಿ ತಗ್ಗಾಗಿರುವುದರಿಂದ ಕೂಗು ಒಳಗೇ ಪ್ರತಿಧ್ವನಿಸುತ್ತದೆ.

ಡೇರೆಗಳ ಸಂಪ್ರದಾಯ

ಸುಮಾರು 16 ಕಿ.ಮೀ. ದೂರದ ಚಾಪೆಲ್ ಹಿಲ್‌ನಲ್ಲಿರುವ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯವು ಡ್ಯೂಕ್‌ನ ಸಾಂಪ್ರದಾಯಿಕ ಎದುರಾಳಿ. 1986ರಲ್ಲಿ ಕೆಲವು ವಿದ್ಯಾರ್ಥಿಗಳು ಆ ತಂಡದೊಂದಿಗಿನ ಪಂದ್ಯಕ್ಕೆ ಒಳ್ಳೆಯ ಸ್ಥಳ ಪಡೆಯಲು ಕ್ರೀಡಾಂಗಣದ ಹೊರಗೆ ಡೇರೆ ಹಾಕಿದರು. ಮುಂದೆ ಇದು ಪ್ರತಿವರ್ಷದ ಪದ್ಧತಿಯಾಗಿ ಬೆಳೆಯಿತು. 1980ರಿಂದ 2022ರವರೆಗೆ ತರಬೇತುದಾರರಾಗಿದ್ದ ಮೈಕ್ ಶಶೆಫ್‌ಸ್ಕಿ ಅವರ ಗೌರವಾರ್ಥ ಈ ತಾತ್ಕಾಲಿಕ ಬಿಡಾರವನ್ನು ಶಶೆಫ್‌ಸ್ಕಿವಿಲ್ ಅಥವಾ ಚಿಕ್ಕದಾಗಿ ಕೆ-ವಿಲ್ ಎನ್ನುತ್ತಾರೆ.

ಒಂದು ಡೇರೆಯ ಗುಂಪಿನಲ್ಲಿ ಗರಿಷ್ಠ 12 ಮಂದಿ ಇರಬಹುದು. ಅವರು ಸರದಿಯ ಮೇಲೆ ಕಾವಲು ಕಾಯುತ್ತಾರೆ. ತರಗತಿಗೆ ಹೋಗುವವರ ಬದಲಿಗೆ ಬೇರೊಬ್ಬರು ಡೇರೆಯಲ್ಲಿರುತ್ತಾರೆ. 'ಲೈನ್ ಮಾನಿಟರ್' ಎನಿಸಿಕೊಂಡ ವಿದ್ಯಾರ್ಥಿಗಳು ಅನಿರೀಕ್ಷಿತ ವೇಳೆಯಲ್ಲಿ, ನಡುರಾತ್ರಿಯಲ್ಲೂ, ಹಾಜರಿ ತೆಗೆದುಕೊಳ್ಳುತ್ತಾರೆ. ಹಾಜರಿ ತಪ್ಪಿಸಿದ ಗುಂಪು ತನ್ನ ಸ್ಥಾನವನ್ನು ಕಳೆದುಕೊಳ್ಳಬಹುದು. ನಿಯಮಗಳನ್ನು ರೂಪಿಸಿ ಜಾರಿಗೊಳಿಸುವ ಹೊಣೆ ಬಹುಮಟ್ಟಿಗೆ ವಿದ್ಯಾರ್ಥಿಗಳದೇ ಆಗಿರುವುದು ಈ ವ್ಯವಸ್ಥೆಯ ವೈಶಿಷ್ಟ್ಯ. ಚಳಿಯಲ್ಲಿ ವಾರಗಟ್ಟಲೆ ಒಟ್ಟಿಗೆ ಕಾಯುವುದರಿಂದ ಪರಸ್ಪರ ಪರಿಚಯವಿಲ್ಲದವರೂ ಒಂದು ಸಮುದಾಯವಾಗುತ್ತಾರೆ. ಕಾಯುವಿಕೆಯೇ ಪಂದ್ಯದಷ್ಟು ಮುಖ್ಯವಾದ ಅನುಭವವಾಗುತ್ತದೆ. ಶಶೆಫ್‌ಸ್ಕಿ ಅವರು ಡೇರೆವಾಸಿಗಳಿಗೆ ಪಿಜ್ಜಾ ಕಳುಹಿಸುತ್ತಿದ್ದರು. ಪಂದ್ಯಕ್ಕೆ ಮುನ್ನ ಅವರನ್ನು ಕ್ರೀಡಾಂಗಣದೊಳಗೆ ಸೇರಿಸಿ ಮಾತನಾಡುತ್ತಿದ್ದರು.

ಪಂದ್ಯದ ವೇಳೆ

ವಿದ್ಯಾರ್ಥಿಗಳು ಮೈಗೆ ನೀಲಿ ಬಣ್ಣ ಬಳಿದುಕೊಂಡು, ಪಂದ್ಯದುದ್ದಕ್ಕೂ ನಿಂತೇ ಕುಣಿಯುತ್ತಾರೆ. ಎದುರಾಳಿಯು ಫ್ರೀ ಥ್ರೋ ಎಸೆಯುವಾಗ ಕೈಗಳನ್ನು ಬೀಸಿ ಗಮನ ಬೇರೆಡೆಗೆ ಸೆಳೆಯಲು ಯತ್ನಿಸುತ್ತಾರೆ. ಎಲ್ಲರೂ ಒಂದೇ ದನಿಯಲ್ಲಿ ಕೂಗಲು ನೆರವಾಗುವಂತೆ ಘೋಷಣೆಗಳ ಹಾಳೆಗಳನ್ನು ಮೊದಲೇ ಹಂಚಲಾಗುತ್ತದೆ.

ಟೀಕೆ

ಉತ್ಸಾಹವು ಎಲ್ಲೆ ಮೀರಿದ ಸಂದರ್ಭಗಳೂ ಇವೆ. 1984ರ ಜನವರಿಯಲ್ಲಿ ಮೇರಿಲ್ಯಾಂಡ್ ತಂಡದ ಆಟಗಾರರೊಬ್ಬರನ್ನು ವಿದ್ಯಾರ್ಥಿಗಳು ಕೀಳಾಗಿ ಹಂಗಿಸಿದ್ದು ತೀವ್ರ ಖಂಡನೆಗೆ ಗುರಿಯಾಯಿತು. ಆಗ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಟೆರಿ ಸ್ಯಾನ್‌ಫೋರ್ಡ್ ಅವರು ದಂಡನೆಯ ದಾರಿ ಹಿಡಿಯದೆ, 'ಅಂಕಲ್ ಟೆರಿ' ಎಂದು ಸಹಿ ಹಾಕಿ ವಿದ್ಯಾರ್ಥಿಗಳಿಗೊಂದು ಪತ್ರ ಬರೆದರು. ಅಶ್ಲೀಲತೆಯನ್ನು ಬಿಟ್ಟು ಜಾಣತನದಿಂದ ಛೇಡಿಸುವಂತೆ ಅದರಲ್ಲಿ ಕೇಳಿಕೊಂಡಿದ್ದರು. ನಂತರ ಉತ್ತರ ಕೆರೊಲಿನಾ ವಿರುದ್ಧದ ಪಂದ್ಯಕ್ಕೆ ವಿದ್ಯಾರ್ಥಿಗಳು ದೇವದೂತರಂತೆ ತಲೆಯ ಮೇಲೆ ಪ್ರಭಾವಳಿ ಧರಿಸಿ ಬಂದರು. ತೀರ್ಪುಗಾರರ ನಿರ್ಣಯ ಒಪ್ಪಿಗೆಯಾಗದಿದ್ದಾಗ ಬೈಗುಳದ ಬದಲು ಅತಿವಿನಯದ ಮಾತುಗಳಲ್ಲಿ ಭಿನ್ನಾಭಿಪ್ರಾಯ ಘೋಷಿಸಿದರು. ಹಾಸ್ಯದ ಮೂಲಕ ಶಿಸ್ತು ತಂದ ಪ್ರಸಂಗವಾಗಿ ಇದು ಪ್ರಸಿದ್ಧವಾಗಿದೆ. ಆದರೂ ಅಸಭ್ಯ ಘೋಷಣೆಗಳ ಕುರಿತ ಆಕ್ಷೇಪಗಳು ಪೂರ್ತಿಯಾಗಿ ನಿಂತಿಲ್ಲ.

ಪ್ರೇಕ್ಷಕರಿಲ್ಲದ ಋತು

ಕೋವಿಡ್-19 ಸಾಂಕ್ರಾಮಿಕದ ಕಾರಣ 2020–21ರ ಋತುವಿನಲ್ಲಿ ತವರಿನ ಪಂದ್ಯಗಳು ವಿದ್ಯಾರ್ಥಿ ಪ್ರೇಕ್ಷಕರಿಲ್ಲದೆ ನಡೆದವು. ಆ ಋತುವಿನಲ್ಲಿ ಡ್ಯೂಕ್ 13 ಪಂದ್ಯ ಗೆದ್ದು 11ರಲ್ಲಿ ಸೋತು, 1995ರ ನಂತರ ಮೊದಲ ಬಾರಿಗೆ ರಾಷ್ಟ್ರೀಯ ಟೂರ್ನಿಗೆ ಆಯ್ಕೆಯಾಗಲಿಲ್ಲ. ಸೋಲುಗಳಿಗೆ ಪ್ರೇಕ್ಷಕರ ಅನುಪಸ್ಥಿತಿಯೊಂದನ್ನೇ ಕಾರಣವಾಗಿಸಲಾಗದು. ಆದರೆ ತುಂಬಿದ ಕ್ರೀಡಾಂಗಣದ ಬಲವಿಲ್ಲದೆ ತಂಡವು ತವರಿನಲ್ಲಿ ಆಡಬೇಕಾಯಿತು.