ರೇಡಿಯೋ ಕಾರು: ಹಳತು ಹಿತವೋ, ಹೊಸತು ಹಿತವೋ?

ಸೋಮನೂರಿನ ಹೊರವಲಯದಲ್ಲಿ, ನಮ್ಮಣ್ಣನ ವಿದ್ಯುತ್ ಮಗ್ಗಗಳ ಶೆಡ್ಡಿನ ಹಿಂಬದಿಗೆ, ಒಂದು ಬಯಲಿದೆ. ವಾರವೆಲ್ಲ ಮಗ್ಗಗಳ ಸದ್ದಿನಲ್ಲಿ ಮುಳುಗಿರುವ ಆ ಬಯಲು ಭಾನುವಾರ ಸಂಜೆ ಮಾತ್ರ ಮೌನವಾಗಿರುತ್ತದೆ. ಕಳೆದ ಬೇಸಿಗೆ ರಜೆಯ ಒಂದು ಭಾನುವಾರ ಅಲ್ಲಿ ಎರಡು ಪುಟ್ಟ ಕಾರುಗಳು ಓಡಿದವು. ಒಂದು ನನ್ನದು, 1980ರ ದಶಕದ ಕೊನೆಯಲ್ಲಿ ಸಿಂಗಪುರದಿಂದ ಮರಳಿದ ಸೋದರಮಾವ ಪೆಟ್ಟಿಗೆಯಲ್ಲಿ ತಂದುಕೊಟ್ಟ ಜಪಾನಿನ ‘ಹಾರ್ನೆಟ್’. ಇನ್ನೊಂದು ಅಣ್ಣನ ಮಗನದು. ಹದಿಮೂರರ ಆ ಹುಡುಗ ಹುಟ್ಟುಹಬ್ಬಕ್ಕೆಂದು ಹಠ ಹಿಡಿದು ಕೊಡಿಸಿಕೊಂಡ ಹೊಚ್ಚ ಹೊಸ ವಾಹನ.

ಫಲಿತಾಂಶವನ್ನು ಹೇಳಬೇಕಾದುದೇ ಇಲ್ಲ. ನನ್ನ ಕಾರು ಬೇವಿನ ಮರವನ್ನು ಒಂದು ಸುತ್ತು ಬರುವಷ್ಟರಲ್ಲಿ ಅವನದು ಮೂರು ಸುತ್ತು ಮುಗಿಸಿ, ಧೂಳೆಬ್ಬಿಸಿಕೊಂಡು ಅವನ ಕಾಲ ಬಳಿ ಬಂದು ನಿಂತಿತ್ತು. ಹುಡುಗ ಗೆಲುವಿನ ಸೊಕ್ಕಿಲ್ಲದೆ, ನಿಜವಾದ ಕುತೂಹಲದಿಂದಲೇ ಕೇಳಿದ: “ಚಿಕ್ಕಪ್ಪಾ, ಇದನ್ನ ಇನ್ನೂ ಯಾಕೆ ಇಟ್ಕೊಂಡಿದೀರಿ?”

ಆ ಪ್ರಶ್ನೆಗೆ ಅಂದು ನನ್ನಲ್ಲಿ ತಕ್ಕ ಉತ್ತರವಿರಲಿಲ್ಲ. ಹಳೆಯದೆಂಬ ಮಮತೆಯೊಂದೇ ಕಾರಣವೆಂದರೆ ಅದು ಹುಡುಗನಿಗೆ ಸಲ್ಲುವ ಉತ್ತರವಲ್ಲ. ಈ ಲೇಖನ ಅದೇ ಪ್ರಶ್ನೆಯ ಬೆನ್ನು ಹತ್ತಿದ್ದರ ಫಲ.

ಆಟಿಕೆಯಿಂದ ಹವ್ಯಾಸಕ್ಕೆ

ತಂತಿಯ ಹಂಗಿಲ್ಲದೆ, ಅಲೆಗಳ ಮೂಲಕ ವಾಹನವೊಂದನ್ನು ನಡೆಸಬಹುದೆಂದು ಜಗತ್ತಿಗೆ ತೋರಿಸಿದವನು ನಿಕೋಲಾ ಟೆಸ್ಲಾ. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಅವನು ನೀರಿನ ತೊಟ್ಟಿಯಲ್ಲಿ ಪುಟ್ಟ ದೋಣಿಯೊಂದನ್ನು ಹೀಗೆ ನಡೆಸಿದಾಗ ನೆರೆದವರು ಬೆರಗಾದರು. ಆದರೆ ಆ ವಿದ್ಯೆ ಮನೆಯಂಗಳದ ಕಾರಿಗೆ ಇಳಿದು ಬರಲು ಏಳು ದಶಕಗಳೇ ಬೇಕಾದವು. 1966ರಲ್ಲಿ ಇಟಲಿಯ ‘ಎಲೆಟ್ರೋನಿಕಾ ಜೊಕಾಟ್ಟೋಲಿ’ ಎಂಬ ಸಂಸ್ಥೆ ಫೆರಾರಿ ಕಾರಿನ ಹನ್ನೆರಡನೆಯ ಒಂದು ಅಳತೆಯ ಪ್ರತಿರೂಪವನ್ನು ರೇಡಿಯೋ ನಿಯಂತ್ರಣದೊಡನೆ ಮಾರಾಟಕ್ಕೆ ತಂದಿತು. ಹತ್ತು ವರ್ಷಗಳ ತರುವಾಯ, 1976ರಲ್ಲಿ, ಜಪಾನಿನ ಶಿಜುವೋಕಾ ನಗರದ ತಾಮಿಯಾ ಸಂಸ್ಥೆ ಪೋರ್ಷೆ 934 ಕಾರನ್ನು ಇದೇ ಅಳತೆಯಲ್ಲಿ ರೂಪಿಸಿ ಈ ಹವ್ಯಾಸವನ್ನು ಸಾಮಾನ್ಯ ಕುಟುಂಬಗಳ ಬಾಗಿಲಿಗೆ ತಂದಿತು. 1979ರಲ್ಲಿ ಮರಳುಗಾಡಿನಲ್ಲಿ ಓಡಬಲ್ಲ ‘ಸ್ಯಾಂಡ್ ಸ್ಕಾರ್ಚರ್’, 1984ರಲ್ಲಿ ‘ಹಾರ್ನೆಟ್’ ಬಂದವು. ಅದೇ 1984ರಲ್ಲಿ ಕ್ಯಾಲಿಫೋರ್ನಿಯಾದ ಅಸೋಸಿಯೇಟೆಡ್ ಸಂಸ್ಥೆ, ಹೊನ್ನಿನ ಬಣ್ಣದ ಅಲ್ಯೂಮಿನಿಯಂ ತಳಪಾಯದ ‘ಆರ್‌ಸಿ10’ ಕಾರನ್ನು ಸ್ಪರ್ಧೆಯ ಕಣಕ್ಕೆಂದೇ ನಿರ್ಮಿಸಿತು.

ಇವನ್ನು ಜಾತ್ರೆಯ ಆಟಿಕೆಗಳೊಡನೆ ಎಣಿಸುವಂತಿಲ್ಲ. ಆಟಿಕೆಯ ಕಾರಿಗೆ ಎಡ, ಬಲ, ಮುಂದೆ, ಹಿಂದೆ ಎಂಬ ನಾಲ್ಕೇ ಮಾತು ಗೊತ್ತು. ಹವ್ಯಾಸದ ಕಾರಿನಲ್ಲಿ ಕೈ ಎಷ್ಟು ತಿರುಗಿದರೆ ಚಕ್ರವೂ ಅದಕ್ಕೆ ತಕ್ಕಷ್ಟೇ ತಿರುಗುತ್ತದೆ. ಎರಡನೆಯದಾಗಿ, ಆಟಿಕೆ ಕೆಟ್ಟರೆ ಕಸದ ಪಾಲು. ಹವ್ಯಾಸದ ಕಾರಿನ ಪ್ರತಿಯೊಂದು ಅಂಗವೂ ಬಿಡಿಯಾಗಿ ದೊರೆಯುವಂಥದು. ಅಂದಿನ ಕಾರುಗಳು ಅಂಗಡಿಯಿಂದ ಮನೆಗೆ ಬರುತ್ತಿದ್ದುದು ಕಾರಾಗಿಯಲ್ಲ, ಬಿಡಿಭಾಗಗಳ ಪೆಟ್ಟಿಗೆಯಾಗಿ. ತಿರುಪುಮೊಳೆಗಳ ಪೊಟ್ಟಣ, ಚೌಕಟ್ಟಿಗೆ ಅಂಟಿದ ಪ್ಲಾಸ್ಟಿಕ್ ತುಂಡುಗಳು, ಬಣ್ಣವಿಲ್ಲದ ಮೈಕವಚ, ಚಿತ್ರಗಳ ಕೈಪಿಡಿ ಇವಿಷ್ಟನ್ನು ಮುಂದಿಟ್ಟುಕೊಂಡು ಮೂರು ನಾಲ್ಕು ಸಂಜೆ ಕುಳಿತರೆ ಕಾರು ಹುಟ್ಟುತ್ತಿತ್ತು.

ಹಳೆಯ ಕಾರಿನ ಹೊಟ್ಟೆಯೊಳಗೆ

ಹಾರ್ನೆಟ್‌ನ ಮೈಕವಚ ತೆಗೆದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ವೇಗದ ಹಿಡಿತಕ್ಕೆಂದು ಒಂದು ಪುಟ್ಟ ಮೋಟಾರು ಲೋಹದ ನಾಲಗೆಯೊಂದನ್ನು ಹಿಂದೆ ಮುಂದೆ ಸರಿಸುತ್ತದೆ. ಆ ನಾಲಗೆ ವಿದ್ಯುತ್ತನ್ನು ಪ್ರತಿರೋಧಕದ ಮೂಲಕ ಹಾಯಿಸಿದರೆ ನಿಧಾನ, ನೇರವಾಗಿ ಹಾಯಿಸಿದರೆ ವೇಗ. ನಿಧಾನವಾಗಿ ಓಡಿಸಿದಷ್ಟೂ ಪ್ರತಿರೋಧಕ ಕಾದು ಕೆಂಡವಾಗುತ್ತದೆ. ಬೆರಳು ಸುಟ್ಟುಕೊಳ್ಳದ ಹವ್ಯಾಸಿ ಆ ಕಾಲದಲ್ಲಿ ಅಪರೂಪ. ಓಡಿಸುವ ಮೋಟಾರಿನಲ್ಲಿ ಎರಡು ಇಂಗಾಲದ ಕುಂಚಗಳು ತಿರುಗುವ ತಾಮ್ರದ ಪಟ್ಟಿಗಳನ್ನು ಉಜ್ಜುತ್ತ ಸುರುಳಿಗೆ ವಿದ್ಯುತ್ ಊಡುತ್ತವೆ. ಸಂಜೆಗತ್ತಲಲ್ಲಿ ಅಲ್ಲಿನ ಕಿಡಿಗಳನ್ನು ನೋಡಬಹುದು. ಶಕ್ತಿಯ ಮೂಲ, ತಲಾ 1.2 ವೋಲ್ಟಿನ ಆರು ನಿಕಲ್-ಕ್ಯಾಡ್ಮಿಯಂ ಕೋಶಗಳ 7.2 ವೋಲ್ಟಿನ ಕಟ್ಟು. ರಾತ್ರಿಯೆಲ್ಲ ವಿದ್ಯುತ್ ತುಂಬಿದರೆ ಬೆಳಿಗ್ಗೆ ಸುಮಾರು ಹತ್ತು ನಿಮಿಷದ ಓಟ!

ಅಲೆಗಳ ಪಾಡೂ ಹಾಗೆಯೇ. 27 ಮೆಗಾಹರ್ಟ್ಸ್‌ನ ಪಟ್ಟಿಯಲ್ಲಿ ಸಾಮಾನ್ಯವಾಗಿ ಆರೇ ಕಾಲುವೆಗಳು. ಒಂದೊಂದಕ್ಕೂ ಒಂದು ಬಣ್ಣ, ಒಂದು ಜೊತೆ ಸ್ಫಟಿಕ. ಒಂದೇ ಬಣ್ಣದ ಸ್ಫಟಿಕವಿರುವ ಇಬ್ಬರು ಒಟ್ಟಿಗೆ ಓಡಿಸಿದರೆ ಒಬ್ಬನ ಕಾರು ಇನ್ನೊಬ್ಬನ ಮಾತು ಕೇಳಿ ಚರಂಡಿಗೆ ಬೀಳುವುದು ಖಂಡಿತ. ಆದ್ದರಿಂದಲೇ ಆಕಾಶತಂತಿಯ ತುದಿಗೆ ಬಣ್ಣದ ರಿಬ್ಬನ್ನು ಕಟ್ಟಿಕೊಂಡು, “ನಿಮ್ಮದು ಯಾವ ಬಣ್ಣ?” ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಂಡೇ ಆಟಕ್ಕೆ ತೊಡಗುತ್ತಿದ್ದರು.

ಹೊಸತರ ಹೆಚ್ಚುಗಾರಿಕೆ

ಇಷ್ಟೆಲ್ಲ ತೊಡಕುಗಳನ್ನು ಹೊಸ ಕಾರು ಒಂದೊಂದಾಗಿ ನಿವಾರಿಸಿದೆ ಎಂಬುದನ್ನು ಹಳತರ ಅಭಿಮಾನಿಯಾದ ನಾನೂ ಒಪ್ಪಬೇಕು. ಈಗಿನ ಪ್ರೇಷಕಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಪ್ರೇಷಕವೂ ಗ್ರಾಹಕವೂ ಒಮ್ಮೆ ಪರಸ್ಪರ ಗುರುತು ಮಾಡಿಕೊಂಡರೆ, ಪಕ್ಕದಲ್ಲಿ ಹತ್ತು ಜನ ಓಡಿಸುತ್ತಿದ್ದರೂ ಒಬ್ಬರ ಆಜ್ಞೆ ಇನ್ನೊಬ್ಬರಿಗೆ ತಗಲುವುದಿಲ್ಲ. ಮೋಟಾರಿನಲ್ಲಿ ಕುಂಚಗಳಿಲ್ಲ, ಸುರುಳಿಗಳು ನಿಶ್ಚಲವಾಗಿದ್ದು ಅಯಸ್ಕಾಂತವೇ ತಿರುಗುತ್ತದೆ, ವಿದ್ಯುತ್ತಿನ ಸರದಿಯನ್ನು ಎಲೆಕ್ಟ್ರಾನಿಕ್ ನಿಯಂತ್ರಕ ಬದಲಿಸುತ್ತದೆ. ಉಜ್ಜಾಟವಿಲ್ಲ, ಕಿಡಿಯಿಲ್ಲ, ಸವೆತ ಬಲು ಕಡಿಮೆ. ಅಮೆರಿಕದ ಟ್ರಾಕ್ಸಸ್ ಸಂಸ್ಥೆ 2011ರಲ್ಲಿ ಪ್ರಕಟಿಸಿದ ‘ಎಕ್ಸ್‌ಓ-1’ ಎಂಬ ಕಾರು ಗಂಟೆಗೆ 160 ಕಿಲೋಮೀಟರ್ ವೇಗದ ಭರವಸೆಯೊಡನೆ ಬಂದಿತೆಂದರೆ ಈ ಶಕ್ತಿಯ ಅಂದಾಜಾದೀತು.

ಶಕ್ತಿಯ ಜೊತೆಗೆ ಅಪಾಯವೂ ಬಂದಿದೆ. ಇಂದಿನ ಲಿಥಿಯಂ-ಪಾಲಿಮರ್ ಬ್ಯಾಟರಿ ಹಗುರ, ಆದರೆ ಮುನಿಸಿನ ಸ್ವಭಾವದ್ದು. ಪ್ರತಿ ಕೋಶವನ್ನು 4.2 ವೋಲ್ಟಿಗಿಂತ ಮೇಲೆ ತುಂಬಬಾರದು, 3 ವೋಲ್ಟಿಗಿಂತ ಕೆಳಗೆ ಇಳಿಸಬಾರದು. ಬಹುದಿನ ಬಳಸದಿದ್ದರೆ 3.8 ವೋಲ್ಟಿನ ಸುಮಾರಿಗೆ ಇಡಬೇಕು. ಉಬ್ಬಿದ ಅಥವಾ ಪೆಟ್ಟು ತಿಂದ ಕೋಶಕ್ಕೆ ಬೆಂಕಿ ಹತ್ತುವ ಸಂಭವವುಂಟು. ನೂಲು, ಹತ್ತಿಯ ಹೊಟ್ಟು ತುಂಬಿದ ಮನೆಗಳು ನಮ್ಮವು. ಮಗ್ಗದ ಶೆಡ್ಡಿನಲ್ಲಾಗಲಿ, ಬನಿಯನ್ ಬಟ್ಟೆ ರಾಶಿ ಹಾಕಿದ ಕೋಣೆಯಲ್ಲಾಗಲಿ ಈ ಬ್ಯಾಟರಿಗೆ ವಿದ್ಯುತ್ ತುಂಬುವುದು ಸರ್ವಥಾ ಸಲ್ಲದು. ಸಿಮೆಂಟ್ ನೆಲದ ಮೇಲೆ, ದೊಡ್ಡವರ ಕಣ್ಣೆದುರಿಗೇ ಆ ಕೆಲಸ ನಡೆಯಬೇಕು.

ಮೋಟಾರುಗಳ ಸೀಮೆಯಲ್ಲಿ

ಈ ಹವ್ಯಾಸಕ್ಕೆ ಕೊಯಮತ್ತೂರು ಸೀಮೆ ಹೇಳಿ ಮಾಡಿಸಿದಂಥದು. ಭಾರತದಲ್ಲಿ ತಯಾರಾದ ಮೊದಲ ವಿದ್ಯುತ್ ಮೋಟಾರೆಂದು ಹೆಸರಾದುದು 1937ರಲ್ಲಿ ಜಿ. ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಅವರ ಉದ್ಯಮದಿಂದ ಇಲ್ಲಿಯೇ ಹೊರಬಂದಿತು. ಬಾವಿಯ ಪಂಪು, ಗಿರಣಿಯ ಯಂತ್ರ, ಮಗ್ಗದ ಮೋಟಾರು ಇವುಗಳ ಸುತ್ತ ಬೆಳೆದ ಈ ನಗರದಲ್ಲಿ ಸುರುಳಿ ಸುತ್ತುವವರು, ಲೇತಿನ ಮೇಲೆ ಕಡೆಯುವವರು, ಬೇರಿಂಗ್ ಮಾರುವವರು ಬೀದಿಗೊಬ್ಬರು ಸಿಗುತ್ತಾರೆ. ಇದೇ ಊರಿನ ಎಸ್. ಕರಿವರ್ಧನ್ ಅವರು ಮಾರುತಿ 800 ಕಾರಿನ ಎಂಜಿನ್ ಬಳಸಿ ಏಕಾಸನದ ರೇಸ್ ಕಾರುಗಳನ್ನು ಕಟ್ಟಿದರು. 1995ರಲ್ಲಿ ಅವರು ವಿಮಾನಾಪಘಾತದಲ್ಲಿ ತೀರಿಕೊಂಡರು. ಚೆಟ್ಟಿಪಾಳಯಂನಲ್ಲಿ 2003ರಲ್ಲಿ ತೆರೆದ ರೇಸ್ ಪಥಕ್ಕೆ ಅವರದೇ ಹೆಸರು. 2005ರಲ್ಲಿ ಫಾರ್ಮುಲಾ ಒನ್ ಸ್ಪರ್ಧೆಗಿಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಕೊಯಮತ್ತೂರಿನವರೇ. ಅವಿನಾಶಿ ರಸ್ತೆಯಲ್ಲಿ 2015ರಲ್ಲಿ ಆರಂಭವಾದ ಜಿ. ಡಿ. ಕಾರು ಸಂಗ್ರಹಾಲಯವನ್ನು ಮಕ್ಕಳಿಗೆ ತೋರಿಸಿದರೆ, ಹಳೆಯ ಯಂತ್ರವೊಂದನ್ನು ಜತನದಿಂದ ಕಾಯುವುದೆಂದರೇನೆಂದು ಬಾಯಿಮಾತಿಲ್ಲದೆ ತಿಳಿಯುತ್ತದೆ.

ಹಲ್ಲು ಮುರಿದ ಚಕ್ರ

ಇನ್ನು ನಮ್ಮ ಬಯಲಿಗೆ ಮರಳೋಣ. ಹುಡುಗನಿಗೆ ಒಂದು ಯೋಚನೆ ಹೊಳೆಯಿತು: ಹಳೆಯ ಕಾರಿಗೆ ಹೊಸ ಹೃದಯ ಜೋಡಿಸಿದರೆ ಹೇಗೆ? ನಾನೂ ಸಮ್ಮತಿಸಿದೆ. ಕುಂಚವಿಲ್ಲದ ಮೋಟಾರು, ಲಿಥಿಯಂ ಬ್ಯಾಟರಿ ಹಾರ್ನೆಟ್‌ನೊಳಗೆ ಕುಳಿತವು. ಮೊದಲ ಸುತ್ತು ಅಮೋಘ. ಎರಡನೆಯ ಸುತ್ತಿನಲ್ಲಿ ಕರಕರನೆ ಸದ್ದಾಗಿ ಕಾರು ನಿಂತಿತು. ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ಕಿನ ಹಲ್ಲುಚಕ್ರದ ಹಲ್ಲುಗಳು ಅರೆದುಹೋಗಿದ್ದವು. ಮೂವತ್ತೈದು ವರ್ಷ ಬಾಳಿದ ವಸ್ತುವನ್ನು ಎರಡು ನಿಮಿಷದಲ್ಲಿ ಕೆಡಿಸಿದೆನೆಂದು ಹುಡುಗನ ಮುಖ ಬಾಡಿತು. ಅಣ್ಣನಂತೂ, “ಆಟದ ಸಾಮಾನಿಗೆ ದುಡ್ಡು ಸುರಿದದ್ದಕ್ಕೆ ಇದೇ ಲಾಭ” ಎಂದು ಒಳಗೆ ನಡೆದ. ಕೂಲಿ ನೆಯ್ಗೆಯ ದರ ಸಾಲದೆ ಮಗ್ಗಗಳನ್ನು ನಡೆಸುವುದೇ ಕಷ್ಟವಾಗಿರುವ ಅವನ ಮಾತಿಗೆ ನಾನೂ ಎದುರಾಡಲಿಲ್ಲ.

ಜಗಲಿಯ ಮೇಲಿದ್ದ ನಮ್ಮ ತಂದೆಯವರು ಅದನ್ನು ತರುವಂತೆ ಸನ್ನೆ ಮಾಡಿದರು. ಎಂಬತ್ತು ದಾಟಿದ ಅವರು ಕೊಳ್ಳೇಗಾಲ ತಾಲ್ಲೂಕಿನವರು. ಅವರು ಹುಟ್ಟಿದಾಗ ಆ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಊರು ಮೈಸೂರಿಗೆ ಹೋಯಿತು, ಅವರು ನೆಯ್ಗೆಯ ಬೆನ್ನು ಹತ್ತಿ ಈ ಕಡೆ ಬಂದು ನೆಲೆಸಿದರು. ಐವತ್ತು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತವರು. ಅವರು ಮುರಿದ ಹಲ್ಲನ್ನು ನೋಡಲೇ ಇಲ್ಲ. ಅಚ್ಚಿನ ತುದಿಯನ್ನು ಎರಡು ಬೆರಳುಗಳಲ್ಲಿ ಹಿಡಿದು ಮೆಲ್ಲನೆ ಅಲುಗಾಡಿಸಿ, “ಹಲ್ಲಿಂದು ತಪ್ಪಲ್ಲ ಮರಿ, ಅಚ್ಚು ಕೂರೋ ಜಾಗ ಸಡಿಲಾಗಿದೆ” ಎಂದರು.

ಅವರೆಂದುದು ಅಕ್ಷರಶಃ ನಿಜ. ಅಚ್ಚು ತಿರುಗುವ ಬುಷ್ಷು ಎಷ್ಟೋ ವರ್ಷಗಳ ಧೂಳಿಗೆ ಸವೆದು ಅಗಲವಾಗಿತ್ತು. ಹಾಗಾಗಿ ಹಲ್ಲುಚಕ್ರಗಳು ಪೂರ್ತಿ ಕೂಡಿಕೊಳ್ಳದೆ ತುದಿಯಲ್ಲಷ್ಟೇ ಕಚ್ಚಿಕೊಳ್ಳುತ್ತಿದ್ದವು. ಹಳೆಯ ಮೋಟಾರಿನ ಮೆಲುನಡೆಯನ್ನು ಅವು ತಾಳಿದ್ದವು. ಹೊಸ ಬಲವನ್ನು ತಾಳಲಿಲ್ಲ. ತಾಮಿಯಾದ ಬಹಳಷ್ಟು ಕಾರುಗಳಲ್ಲಿ ಕೂರುವ ಬೇರಿಂಗಿನ ಒಳವ್ಯಾಸ 5, ಹೊರವ್ಯಾಸ 11, ದಪ್ಪ 4 ಮಿಲಿಮೀಟರ್. ಆ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ತಾತ ಮೊಮ್ಮಗ ಇಬ್ಬರೂ ಬಸ್ಸು ಹತ್ತಿ ಕೊಯಮತ್ತೂರಿನ ಬೇರಿಂಗ್ ಅಂಗಡಿಗೆ ಹೋಗಿಬಂದರು. ಹಲ್ಲುಚಕ್ರದ ಚಿಂತೆಯೂ ಬಗೆಹರಿಯಿತು. 2004ರಲ್ಲಿ ತಯಾರಕರು ಹಾರ್ನೆಟ್ ಮಾದರಿಯನ್ನು ಮತ್ತೆ ಬಿಡುಗಡೆ ಮಾಡಿದ್ದರಿಂದ ಅದರ ಬಿಡಿಭಾಗ ಹಳೆಯ ಕಾರಿಗೂ ಒದಗಿತು. ಹಳೆಯ ಮೋಟಾರನ್ನೇ ಮರಳಿ ಕೂಡಿಸಿದೆವು.

ಆ ಕೆಲಸದ ನಡುವೆ ಇನ್ನೊಂದು ನಡೆಯಿತು. ಬಿಚ್ಚಿದ ಭಾಗಗಳನ್ನು ಹುಡುಗ ಡಬ್ಬಿಗಳಲ್ಲಿ ವಿಂಗಡಿಸಿ, ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದಿದ್ದ. “ಇದ್ರಲ್ಲಿ ಯಾವುದು ಏನು ಅಂತ ನಾನು ಹೆಂಗೆ ತಿಳ್ಕೊಳ್ಳಲಿ?” ಎಂದರು ತಾತ, ಅವರಿಗೆ ಬರುವುದು ಕನ್ನಡದ ಓದು ಒಂದೇ. ಮನೆಯಲ್ಲಿ ಕನ್ನಡವಾಡುವ, ಶಾಲೆಯಲ್ಲಿ ತಮಿಳು ಇಂಗ್ಲಿಷ್ ಕಲಿಯುವ ಹುಡುಗನಿಗೆ ನಮ್ಮ ಅಕ್ಷರ ಬಾರದು. ತಾತ ನೆಲದ ಧೂಳಿನ ಮೇಲೆ ಬೆರಳಿನಿಂದ ಬರೆದು ತೋರಿಸಿದರು. ಅವನು ಚೀಟಿಯ ಮೇಲೆ ತಿದ್ದಿದ: ಅಚ್ಚು, ಚಕ್ರ, ತಿರುಪು, ತಂತಿ, ಹಲ್ಲುಚಕ್ರ. ನಾನು ನಾಲ್ಕು ವರ್ಷ ಹೇಳಿಯೂ ಆಗದ ಕೆಲಸವನ್ನು ಆ ಡಬ್ಬಿಗಳು ಹದಿನೈದು ದಿನಗಳಲ್ಲಿ ಮಾಡಿದವು.

ಕೊಳ್ಳುವವರಿಗೆ ಎರಡು ಮಾತು

ಆದುದರಿಂದ ಹಳತೋ ಹೊಸತೋ ಎಂಬ ಪ್ರಶ್ನೆಯೇ ಸ್ವಲ್ಪ ತಪ್ಪೆಂದು ಈಗ ನನಗೆ ತೋರುತ್ತದೆ. ಕೇಳಬೇಕಾದುದು, ಈ ಕಾರು ಬಿಚ್ಚಿ ಕಟ್ಟಲು ಬರುವಂಥದೇ, ಅಲ್ಲವೇ ಎಂದು. ಇಂದಿಗೂ ಬಿಡಿಭಾಗಗಳ ಪೆಟ್ಟಿಗೆಯಾಗಿ ಬರುವ ಹೊಸ ಕಾರುಗಳಿವೆ. 1980ರ ದಶಕದ ಮಾದರಿಗಳೂ ಮರುತಯಾರಿಯಲ್ಲಿ ಬಂದಿವೆ. ಮಗುವಿಗೆ ಮೊದಲ ಕಾರು ಕೊಡಿಸುವವರು ಕಟ್ಟಿ ಮುಗಿಸಿದ, ಅತಿವೇಗದ ವಾಹನಕ್ಕಿಂತ ಇಂಥದೊಂದನ್ನು ಆರಿಸಿಕೊಳ್ಳುವುದು ಮೇಲು. ಕೊಳ್ಳುವ ಮೊದಲೇ ಅದರ ಬಿಡಿಭಾಗಗಳು ಸಿಗುತ್ತವೆಯೇ ಎಂದು ವಿಚಾರಿಸಿರಿ. ನಿಜವಾದ ಹಳೆಯ ಕಾರು ಕೈಗೆ ಬಂದರೆ ಅದರ ಪ್ಲಾಸ್ಟಿಕ್ಕು ಬಿರುಸಾಗಿ ಒಡೆಯುವ ಸ್ಥಿತಿಗೆ ಬಂದಿದೆಯೇ, ಅಚ್ಚುಗಳು ಅಲುಗಾಡುತ್ತವೆಯೇ ಎಂದು ನೋಡದೆ ಹೊಸ ಬಲ ಜೋಡಿಸಬೇಡಿರಿ. ಪ್ರೇಷಕವನ್ನು ಮಾತ್ರ ಹೊಸ ಬಗೆಯದಕ್ಕೆ ಬದಲಿಸಿಕೊಂಡರೆ ಹಳೆಯ ಕಾರಿಗೂ ಕ್ಷೇಮ, ನೆರೆಯವರಿಗೂ ಕ್ಷೇಮ. ಓಡಿಸುವುದಂತೂ ಬಯಲಿನಲ್ಲೇ, ರಸ್ತೆಯಲ್ಲಿ ಎಂದಿಗೂ ಬೇಡ.

ಹೊಸ ಕಾರು ಈಗಲೂ ಮೂರು ಸುತ್ತು ಮುಂದೆಯೇ ಇದೆ. ಹುಡುಗನೂ ಅದನ್ನು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಓಟ ಮುಗಿದ ಮೇಲೆ ಎರಡೂ ಕಾರುಗಳು ಜಗಲಿಗೆ ಬರುತ್ತವೆ. ತಾತ ಕನ್ನಡಕ ಒರೆಸಿಕೊಂಡು, “ಇವತ್ತು ಯಾವುದನ್ನ ಬಿಚ್ಚೋದು?” ಎಂದು ಕೇಳುತ್ತಾರೆ. ಹಳೆಯ ಕಾರನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರೆಂದು ಹುಡುಗ ಆಮೇಲೆ ನನ್ನನ್ನು ಕೇಳಿಲ್ಲ.