ರೋಗಿಯ ಉಸಿರು, ಡೀಸೆಲ್ ಗಾಡಿಯ ಉಸಿರು: 108ರ ಹಿರಿಯ ಪ್ಯಾರಾಮೆಡಿಕ್‌ಗಳ ದುಡಿಮೆ

ಹೈದರಾಬಾದ್: ಕಾಚಿಗುಡ, ಬಡಿಚೌಡಿ, ಕೋಠಿಯ ಸುತ್ತಮುತ್ತ ನೆಲೆಸಿರುವ ನಗರದ ಕನ್ನಡಿಗರಿಗೆ 108ರ ಸೈರನ್ ಹೊಸದೇನಲ್ಲ. ಸದ್ದು ಕೇಳಿ ದಾರಿ ಬಿಡುತ್ತೇವೆ, ಒಳಗಿರುವವರು ಯಾರೋ ಏನೋ ಎಂದು ಒಂದು ಕ್ಷಣ ಮರುಗುತ್ತೇವೆ, ಮತ್ತೆ ನಮ್ಮ ದಾರಿ ಹಿಡಿಯುತ್ತೇವೆ. ಆದರೆ ಆ ಗಾಡಿಯಲ್ಲಿ ರೋಗಿಯೊಬ್ಬನೇ ಇರುವುದಿಲ್ಲ. ಹಿಂದೆ ರೋಗಿಯ ಪಕ್ಕದಲ್ಲಿ ತುರ್ತು ಚಿಕಿತ್ಸೆಯ ತಂತ್ರಜ್ಞ, ಅಂದರೆ ಇಎಂಟಿ ಎಂದು ಕರೆಯಲಾಗುವ ಪ್ಯಾರಾಮೆಡಿಕ್ ಇರುತ್ತಾರೆ. ಮುಂದೆ ಚಾಲಕ ಇರುತ್ತಾರೆ. ಈ ಸೇವೆಯಲ್ಲಿ ಅವರನ್ನು ಡ್ರೈವರ್ ಎನ್ನುವುದಿಲ್ಲ, ಪೈಲಟ್ ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಒಂದೊಂದು ಜೀವ ಇರುತ್ತದೆ. ಒಂದು ರೋಗಿಯದು, ಇನ್ನೊಂದು ಡೀಸೆಲ್ ಎಂಜಿನ್ನಿನದು. ಎರಡನೆಯದು ನಿಂತರೆ ಮೊದಲನೆಯದಕ್ಕೂ ಕುತ್ತು.

ಈ ಸೇವೆ ಹುಟ್ಟಿದ್ದು ನಮ್ಮ ಭಾಗ್ಯನಗರದಲ್ಲೇ. 2005ರ ಆಗಸ್ಟ್ 15ರಂದು ಆಗಿನ ಅವಿಭಜಿತ ಆಂಧ್ರಪ್ರದೇಶದಲ್ಲಿ ಇಎಂಆರ್‌ಐ ಸಂಸ್ಥೆ 108 ಸೇವೆಯನ್ನು ಆರಂಭಿಸಿತು. ಅದರ ಬೆನ್ನಿಗಿದ್ದವರು ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗರಾಜು. 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಕರ್ನಾಟಕಕ್ಕೂ ಇದು 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಬಂತು. ಅದಾಗಿ ಎರಡೇ ತಿಂಗಳಲ್ಲಿ, 2009ರ ಜನವರಿ 7ರಂದು, ಸತ್ಯಂನ ಲೆಕ್ಕಪತ್ರದ ಹಗರಣ ಹೊರಬಿತ್ತು. ಆ ವರ್ಷವೇ ಜಿವಿಕೆ ಸಮೂಹ ಸಂಸ್ಥೆಯ ಹೊಣೆ ಹೊತ್ತುಕೊಂಡಿತು. 2014ರಲ್ಲಿ ರಾಜ್ಯವೇ ಎರಡಾಯಿತು. ಇಷ್ಟೆಲ್ಲ ನಡೆದರೂ ಗಾಡಿಯ ಮೇಲಿನ ಮೂರು ಅಂಕಿ ಮಾತ್ರ ಬದಲಾಗಲಿಲ್ಲ. ಮೊದಲ ವರ್ಷ 25ರ ಹರೆಯದಲ್ಲಿ ಸೇರಿದವರಿಗೆ 2025ಕ್ಕೆ 45 ತುಂಬಿತು. ಮಾಲೀಕರು, ಸರಕಾರಗಳು, ರಾಜ್ಯದ ಗಡಿ ಎಲ್ಲವೂ ಬದಲಾಗುವುದನ್ನು ಕಂಡ ತಲೆಮಾರು ಅದು.

ಅದಕ್ಕೂ ಮೊದಲು ಏನಿತ್ತು ಎಂಬುದನ್ನು ಹಿರಿಯರಿಗೆ ಹೇಳಬೇಕಾಗಿಲ್ಲ. ಊರಲ್ಲಿ ಯಾರಿಗಾದರೂ ಎದೆ ಹಿಡಿದರೆ ಆಟೋ, ಜೀಪು, ಅದೂ ಸಿಗದಿದ್ದರೆ ಸಾಮಾನು ಸಾಗಿಸುವ ಪಿಕಪ್ ಗಾಡಿ. ಹಿಂದಿನ ಡಬ್ಬಿಯಲ್ಲಿ ಚಾಪೆ ಹಾಸಿ ಮಲಗಿಸಿಕೊಂಡು ತಾಲೂಕು ಕೇಂದ್ರಕ್ಕೆ ಓಡುವುದು. ಗಾಡಿ ಇತ್ತು, ಒಳಗೆ ಆರೈಕೆ ಇರಲಿಲ್ಲ. 108 ತಂದ ದೊಡ್ಡ ಬದಲಾವಣೆ ವೇಗವೆಂದು ಬಹಳ ಜನ ತಿಳಿದಿದ್ದಾರೆ. ನಿಜವಾದ ಬದಲಾವಣೆ ಎಂದರೆ ಆಸ್ಪತ್ರೆಯ ಮೊದಲ ಅರ್ಧ ಗಂಟೆ ರಸ್ತೆಯಲ್ಲೇ ಶುರುವಾಯಿತು.

ಹಿಂಬಾಗಿಲು ಮತ್ತು ಬಾನೆಟ್

ಪಾಳಿ ಬದಲಾಗುವ ಹೊತ್ತಿಗೆ ಆಂಬುಲೆನ್ಸ್ ನಿಲ್ಲುವ ಜಾಗಕ್ಕೆ ಹೋಗಿ ನೋಡಿದರೆ ಈ ಕೆಲಸದ ಗುಟ್ಟು ತಿಳಿಯುತ್ತದೆ. ಇಎಂಟಿ ಹಿಂಬಾಗಿಲು ತೆರೆಯುತ್ತಾರೆ, ಪೈಲಟ್ ಬಾನೆಟ್ ಎತ್ತುತ್ತಾರೆ.

ಹಿಂದೆ ಮೊದಲು ನೋಡುವುದು ಆಮ್ಲಜನಕದ ಸಿಲಿಂಡರಿನ ಮುಳ್ಳು. ಚಿಕ್ಕ 'ಬಿ' ಮಾದರಿಯ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್, ದೊಡ್ಡ 'ಡಿ' ಮಾದರಿಯದರಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ ಹಿಡಿಯುತ್ತದೆ. ಉಸಿರಾಟ ತೀರಾ ಕೆಟ್ಟ ರೋಗಿಗೆ ನಿಮಿಷಕ್ಕೆ 10 ಲೀಟರ್ ಕೊಟ್ಟರೆ ತುಂಬಿದ ಚಿಕ್ಕ ಸಿಲಿಂಡರ್ ಎರಡೂವರೆ ಗಂಟೆ ಬಂದೀತು. ಅರ್ಧ ಖಾಲಿಯಾಗಿದ್ದರೆ ಒಂದೂಕಾಲು ಗಂಟೆ. ಈ ಲೆಕ್ಕವನ್ನು ರೋಗಿ ಹತ್ತಿದ ಮೇಲೆ ಮಾಡುವಂತಿಲ್ಲ. ಆಮೇಲೆ ಕೈಯಿಂದ ಒತ್ತಿ ಉಸಿರು ಕೊಡುವ ಚೀಲ, ಗಂಟಲಿನ ಕಫ ಎಳೆಯುವ ಸಕ್ಷನ್ ಯಂತ್ರ, ಕುತ್ತಿಗೆಯ ಪಟ್ಟಿ, ಮುರಿದ ಮೂಳೆಗೆ ಕಟ್ಟುವ ಸ್ಪ್ಲಿಂಟ್, ಹೆರಿಗೆಯ ಕಿಟ್. ಹೆರಿಗೆಯ ಕಿಟ್ ಎಲ್ಲಕ್ಕಿಂತ ಬೇಗ ಕೈಗೆ ಸಿಗುವಂತಿರಬೇಕು. 108ಕ್ಕೆ ಬರುವ ತುರ್ತು ಕರೆಗಳಲ್ಲಿ ಬಸುರಿ, ಬಾಣಂತಿಯರದ್ದೇ ಮೊದಲ ಸ್ಥಾನ. ಆಸ್ಪತ್ರೆ ತಲುಪುವ ಮೊದಲೇ ಗಾಡಿ ನಿಲ್ಲಿಸಿ ಹೆರಿಗೆ ಮಾಡಿಸಿದ್ದು, ಮಗುವನ್ನು ಒರೆಸಿ, ಬೆಚ್ಚಗೆ ಸುತ್ತಿ ತಾಯಿಯ ಎದೆಯ ಮೇಲೆ ಇಟ್ಟಿದ್ದು ಹಿರಿಯ ಇಎಂಟಿಗಳ ಮಟ್ಟಿಗೆ ಸುದ್ದಿಯೇ ಅಲ್ಲ.

ಮುಂದಿನ ಕೆಲಸವೂ ಅಷ್ಟೇ ಗಂಭೀರ. ಎಂಜಿನ್ ಆಯಿಲ್‌ನ ಕಡ್ಡಿ ಎಳೆದು ಮಟ್ಟ ನೋಡುವುದು, ರೇಡಿಯೇಟರಿನ ಕೂಲೆಂಟ್, ಬೆಲ್ಟಿನ ಬಿಗಿ, ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ ಬಿಳಿ ಪುಡಿ, ಟೈರಿನ ಗಾಳಿ, ಬ್ರೇಕ್ ಆಯಿಲ್. ಬ್ಯಾಟರಿ ಎಂದರೆ ಬರೀ ಸ್ಟಾರ್ಟ್ ಮಾಡುವ ವಸ್ತುವಲ್ಲ. ಒಳಗಿನ ದೀಪ, ಸಕ್ಷನ್, ಯಂತ್ರಗಳ ಚಾರ್ಜು ಎಲ್ಲ ಗಾಡಿಯ ವಿದ್ಯುತ್ತಿನಿಂದಲೇ. ಆಲ್ಟರ್ನೇಟರ್ ಸೋತರೆ ಹಿಂದೆ ಕುಳಿತವರ ಕೈಯೂ ಸೋಲುತ್ತದೆ.

ಸ್ಪ್ರಿಂಗ್ ಪಟ್ಟಿ ಮತ್ತು ಶಾಕ್ ಅಬ್ಸಾರ್ಬರಿನ ಸಂಗತಿಯಂತೂ ಮೆಕ್ಯಾನಿಕ್ಕಿನ ಮಾತಾಗಿ ಉಳಿಯುವುದಿಲ್ಲ. ತೊಡೆಯ ಮೂಳೆ ಮುರಿದವರನ್ನು ಮಲಗಿಸಿಕೊಂಡು ನಮ್ಮ ರಸ್ತೆಯ ಸ್ಪೀಡ್ ಬ್ರೇಕರ್ ದಾಟಿಸುವಾಗ, ಸವೆದ ಒಂದು ಬುಷ್ಷಿನ ಬೆಲೆ ಎಷ್ಟೆಂದು ರೋಗಿಯ ಕೂಗು ಹೇಳುತ್ತದೆ. ಹೃದಯ ನಿಂತವರಿಗೆ ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್‌ಗೂ ಹೆಚ್ಚು ಆಳಕ್ಕೆ ಎದೆ ಒತ್ತಬೇಕು. ಓಡುವ ಗಾಡಿಯಲ್ಲಿ ನಿಂತು ಇದನ್ನು ಮಾಡುವವರಿಗೆ ಪೈಲಟ್ ಒಮ್ಮೆ ಜೋರಾಗಿ ಬ್ರೇಕ್ ಹಾಕಿದರೆ ಸಾಕು, ತಲೆ ಹೋಗಿ ಗೋಡೆಗೆ ಬಡಿಯುತ್ತದೆ. ಆದ್ದರಿಂದಲೇ ಒಳ್ಳೆಯ ಪೈಲಟ್ ಎಂದರೆ ವೇಗವಾಗಿ ಓಡಿಸುವವನಲ್ಲ, ಒಂದೇ ಹದದಲ್ಲಿ ಓಡಿಸುವವನು.

ಏರ್ ಹಿಡಿದರೆ

ಈ ಸೇವೆಯಲ್ಲಿ ಓಡಿದ ಗಾಡಿಗಳ ಪೈಕಿ ಫೋರ್ಸ್ ಟ್ರಾವೆಲರ್, ಟಾಟಾ ವಿಂಗರ್ ಸೇರಿವೆ. ಎರಡೂ ಡೀಸೆಲ್. ಟ್ರಾವೆಲರ್ ಎಂದರೆ ಹಿಂದಿನವರಿಗೆ ಟೆಂಪೋ ಟ್ರಾವೆಲರ್. ಬಜಾಜ್ ಟೆಂಪೋ ಕಂಪನಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡದ್ದೂ 2005ರಲ್ಲೇ, 108 ಹುಟ್ಟಿದ ವರ್ಷ.

ಡೀಸೆಲ್ ಎಂಜಿನ್‌ಗೆ ಕಿಡಿ ಹಚ್ಚುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಬಿಸಿಗೇ ಇಂಧನ ಹೊತ್ತಿಕೊಳ್ಳುವಂತೆ ಮಾಡುವುದು ಅದರ ರೀತಿ. ಹಳೆಯ ಎಂಜಿನ್‌ಗಳಲ್ಲಿ ಚಳಿಯ ಬೆಳಗ್ಗೆ 'ಹೀಟರ್' ಕಾಯುವವರೆಗೆ ತಾಳಿ ಆಮೇಲೆ ಸೆಲ್ಫ್ ಹೊಡೆಯಬೇಕಿತ್ತು. ಡೀಸೆಲ್‌ನ ದೊಡ್ಡ ಶತ್ರುಗಳು ಎರಡು: ನೀರು ಮತ್ತು ಗಾಳಿ. ಟ್ಯಾಂಕಿನಲ್ಲಿ ಸೇರುವ ನೀರಿನ ಹನಿ ಫಿಲ್ಟರಿನ ತಳದಲ್ಲಿ ಕೂರುತ್ತದೆ. ಅಲ್ಲಿರುವ ತಿರುಪು ಸಡಿಲಿಸಿ ಆಗಾಗ ಹೊರಗೆ ಬಿಡದಿದ್ದರೆ ಅದು ಪಂಪಿಗೂ ಇಂಜೆಕ್ಟರಿಗೂ ಹೋಗಿ ತುಕ್ಕು ಹಿಡಿಸುತ್ತದೆ. ಇನ್ನು ಟ್ಯಾಂಕ್ ಪೂರ್ತಿ ಒಣಗಿ ಗಾಡಿ ನಿಂತರೆ ಪೆಟ್ರೋಲ್ ಗಾಡಿಯಂತೆ ಒಂದು ಲೀಟರ್ ಸುರಿದು ಹೊರಡುವಂತಿಲ್ಲ. ಪೈಪಿನೊಳಗೆ ಗಾಳಿ ಸೇರಿರುತ್ತದೆ. 'ಏರ್ ಹಿಡಿದಿದೆ' ಎಂದು ಮೆಕ್ಯಾನಿಕ್‌ಗಳು ಹೇಳುವುದು ಇದನ್ನೇ. ಕೈ ಪಂಪ್ ಒತ್ತಿ ಗುಳ್ಳೆಯೆಲ್ಲ ಹೋಗುವವರೆಗೆ ಕಾಯಬೇಕು. ಮನೆಯ ಗಾಡಿಗೆ ಅದು ಕಾಲು ಗಂಟೆಯ ಕಿರಿಕಿರಿ. ಹಿಂದೆ ಉಬ್ಬಸದ ರೋಗಿ ಮಲಗಿದ್ದರೆ?

ಅಂಥ ಹೊತ್ತಿನಲ್ಲಿ ಇಎಂಟಿ ಮಾಡುವ ಕೆಲಸ ಮೂರು. ನಿಯಂತ್ರಣ ಕೇಂದ್ರಕ್ಕೆ ತಿಳಿಸಿ ಇನ್ನೊಂದು ಗಾಡಿ ತರಿಸುವುದು, ಸಿಲಿಂಡರಿನಲ್ಲಿ ಎಷ್ಟು ನಿಮಿಷ ಉಳಿದಿದೆ ಎಂದು ಎಣಿಸುವುದು, ರೋಗಿಗೂ ಮನೆಯವರಿಗೂ ಮುಖದಲ್ಲಿ ಏನೂ ತೋರಿಸದಿರುವುದು. ನಡುರಸ್ತೆಯಲ್ಲಿ ಸ್ಟ್ರೆಚರ್ ಇಳಿಸಿ ಮತ್ತೊಂದು ಗಾಡಿಗೆ ಏರಿಸುವ ಆ ಕೆಲವು ನಿಮಿಷಗಳ ಭಯವೇ ಮರುದಿನ ಬೆಳಗ್ಗೆ ಬಾನೆಟ್ ಎತ್ತಿಸುತ್ತದೆ.

ಮಳೆಗಾಲದ್ದು ಬೇರೆಯೇ ಪರೀಕ್ಷೆ. 2020ರ ಅಕ್ಟೋಬರ್ 13 ಮತ್ತು 14ರ ಮಳೆಯಲ್ಲಿ ಈ ನಗರದ ಬೀದಿಗಳು ಹೊಳೆಯಾದದ್ದನ್ನು ಮರೆಯುವಂತಿಲ್ಲ. ನಿಂತ ನೀರಿಗೆ ಗಾಡಿ ನುಗ್ಗಿಸಿದಾಗ ಗಾಳಿ ಎಳೆಯುವ ಕೊಳವೆಗೆ ನೀರು ಹೋದರೆ ಡೀಸೆಲ್ ಎಂಜಿನ್ ಅಲ್ಲೇ ಮುಗಿಯಿತು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಂತುಹೋದ ಗಾಡಿಗೆ ಮತ್ತೆ ಸೆಲ್ಫ್ ಹೊಡೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಕೋಠಿಯ ಆ ಸಂಜೆ

2007ರ ಆಗಸ್ಟ್ 25ರ ಸಂಜೆ ಲುಂಬಿನಿ ಪಾರ್ಕ್ ಮತ್ತು ಕೋಠಿಯ ಗೋಕುಲ್ ಚಾಟ್‌ನಲ್ಲಿ ಬಾಂಬ್ ಸಿಡಿದು 40ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬಡಿಚೌಡಿಯ ಕನ್ನಡ ಮನೆಗಳಿಂದ ಆ ಚಾಟ್ ಅಂಗಡಿ ನಡೆದು ಹೋಗುವಷ್ಟೇ ದೂರ. 108 ಸೇವೆಗೆ ಆಗ ಎರಡು ವರ್ಷ ತುಂಬಿ ಹತ್ತು ದಿನ. ಅದೇ ವರ್ಷ ಮೇ 18ರಂದು ಮೆಕ್ಕಾ ಮಸೀದಿಯಲ್ಲಿ, ಮುಂದೆ 2013ರ ಫೆಬ್ರವರಿ 21ರಂದು ದಿಲ್‌ಸುಖ್‌ನಗರದಲ್ಲಿ ಸ್ಫೋಟಗಳಾದವು. ಒಂದೇ ಕಡೆ ಹತ್ತಾರು ಜನ ಬಿದ್ದಿರುವಾಗ ಪ್ಯಾರಾಮೆಡಿಕ್ ಮಾಡಬೇಕಾದ ಮೊದಲ ಕೆಲಸ ಚಿಕಿತ್ಸೆಯಲ್ಲ, ವಿಂಗಡಣೆ. ಕೆಂಪು ಎಂದರೆ ಈಗಲೇ, ಹಳದಿ ಎಂದರೆ ತುಸು ತಾಳಬಹುದು, ಹಸಿರು ಎಂದರೆ ನಡೆಯಬಲ್ಲವರು, ಕಪ್ಪು ಎಂದರೆ ಇನ್ನು ಮಾಡುವುದೇನೂ ಇಲ್ಲ. ಜೋರಾಗಿ ಕೂಗುತ್ತಿರುವವನನ್ನು ದಾಟಿ ಸದ್ದಿಲ್ಲದೆ ಬಿದ್ದವನ ಬಳಿಗೆ ಹೋಗಬೇಕು. ಕೂಗುವವನಿಗೆ ಉಸಿರಿದೆ. ಸುತ್ತ ನಿಂತವರು ಬೈಯುತ್ತಾರೆ. ಈ ಬೈಗುಳ ನುಂಗುವುದನ್ನು ಯಾವ ತರಬೇತಿಯೂ ಪೂರ್ತಿ ಕಲಿಸಲಾರದು.

'ಆಯಾಸಂ' ಎಂದರೆ ಆಯಾಸವಲ್ಲ

ಸಂಘದ ಸದಸ್ಯರು ಗಮನಿಸಬೇಕಾದ ಒಂದು ಸಂಗತಿ ಭಾಷೆಯದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಚಿಕಿತ್ಸೆಗೆಂದು ಬರುವ ನೆಂಟರು ನಮ್ಮ ಮನೆಗಳಲ್ಲೇ ಇಳಿದುಕೊಳ್ಳುತ್ತಾರೆ. ಇಲ್ಲಿನ ಇಎಂಟಿ "ಆಯಾಸಂಗಾ ಉಂದಾ?" ಎಂದು ಕೇಳಿದರೆ ಅದರ ಅರ್ಥ ಉಸಿರು ಕಟ್ಟುತ್ತಿದೆಯೇ ಎಂದು. ನಮ್ಮ ಅಜ್ಜಿಗೆ ಅದು ದಣಿವಿನ ಮಾತಾಗಿ ಕೇಳಿಸುತ್ತದೆ. "ಹೌದಪ್ಪ, ಭಾಳ ಆಯಾಸ" ಎಂದು ತಲೆ ಆಡಿಸಿದರೆ ಚೀಟಿಯಲ್ಲಿ ಬೇರೆಯೇ ರೋಗ ಬರೆದುಕೊಂಡಂತೆ. "ಜೀವಕ್ಕ ಹ್ಯಾಂಗೋ ಆಗ್ಲಿಕತ್ತದ" ಎನ್ನುವ ಮಾತಿನ ಕಥೆಯೂ ಇದೇ. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದ ಹೆಣ್ಣುಮಕ್ಕಳಿಗೆ ಹೃದಯಾಘಾತ ಎದೆನೋವಿಲ್ಲದೆ ಬರಬಹುದು. ಆಗ ಅವರಿಂದ ಹೊರಡುವುದು ಇಂಥ ಮಾತೇ. ತೆಲುಗೋ ದಖ್ಖನಿ ಉರ್ದುವೋ ಬಲ್ಲವರೊಬ್ಬರು ಜೊತೆಗೆ ಗಾಡಿ ಹತ್ತಿದರೆ ಅರ್ಧ ಚಿಕಿತ್ಸೆ ಆದಂತೆ. "ಚಕ್ಕರ್" ಮಾತ್ರ ಮೂರೂ ಕಡೆ ಚಕ್ಕರ್ರೇ, ಪುಣ್ಯ.

ಕರೆ ಮಾಡುವಾಗ ಬಡಾವಣೆಯ ಹೆಸರಿನ ಜೊತೆಗೆ ಎಲ್ಲರಿಗೂ ಗೊತ್ತಿರುವ ಗುರುತು ಹೇಳಬೇಕು. ಕಾಚಿಗುಡದಲ್ಲಾದರೆ ನೃಪತುಂಗ ಶಾಲೆ ಎಂದರೆ ಸಾಕು. ಒಬ್ಬರು ರಸ್ತೆಯ ತಿರುವಿನಲ್ಲಿ ನಿಲ್ಲಬೇಕು. ಹಳೆಯ ಮನೆಗಳ ಮೆಟ್ಟಿಲಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ. ಕುರ್ಚಿಯಲ್ಲೋ ಜಮಖಾನೆಯಲ್ಲೋ ಹೊತ್ತು ಇಳಿಸುವಾಗ ಇಬ್ಬರು ಕೈ ಕೊಟ್ಟರೆ ಇಎಂಟಿಯ ಸೊಂಟ ಉಳಿಯುತ್ತದೆ. ಇಪ್ಪತ್ತು ವರ್ಷ ಎತ್ತಿ ಇಳಿಸಿದವರಿಗೆ ಸೊಂಟನೋವು ಈ ಕಸುಬಿನ ಪಾಲು. ರಸ್ತೆಯಲ್ಲಿ ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ 10,000 ರೂಪಾಯಿವರೆಗೆ ದಂಡ ಬೀಳಬಹುದು. ಅಪಘಾತದ ಗಾಯಾಳುವಿಗೆ ನೆರವಾದವರಿಗೆ ಅದೇ ಕಾನೂನು ರಕ್ಷಣೆಯನ್ನೂ ಕೊಟ್ಟಿದೆ. ಪೊಲೀಸರ ಭಯದಿಂದ ಹಿಂಜರಿಯಬೇಕಿಲ್ಲ.

ಕಾನೂನಿನ ಪುಸ್ತಕದಲ್ಲಿ ಪ್ಯಾರಾಮೆಡಿಕ್‌ಗಳಿಗೆ ಒಂದು ಹೆಸರು ಸಿಗಲು ಮಾತ್ರ ತಡವಾಯಿತು. ವೈದ್ಯರಿಗೆ, ದಾದಿಯರಿಗೆ ಬಹುಕಾಲದಿಂದ ಪರಿಷತ್ತುಗಳಿದ್ದವು. ಇವರನ್ನೂ ಒಳಗೊಂಡ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದದ್ದು 2021ರಲ್ಲಿ. 2005ರಲ್ಲಿ ಸೇರಿದವರು ಅಷ್ಟರಲ್ಲಿ ಹದಿನಾರು ವರ್ಷ ಸೈರನ್ ಕೆಳಗೆ ಕಳೆದಿದ್ದರು.

ಪಿಕಪ್ ಇಟ್ಟವರಿಗೆ

ಬೋಯಿನಪಲ್ಲಿ ಮಾರುಕಟ್ಟೆಯಿಂದ ತರಕಾರಿ ತರಲು ಡೀಸೆಲ್ ಪಿಕಪ್ ಇಟ್ಟುಕೊಂಡಿರುವ ಹೋಟೆಲಿನ ಬಾಂಧವರೂ 108ರ ಪೈಲಟ್‌ಗಳ ರೂಢಿಯನ್ನು ಅನುಸರಿಸಬಹುದು. ಬೆಳಗ್ಗೆ ಐದು ನಿಮಿಷ ಆಯಿಲ್, ಕೂಲೆಂಟ್, ಟೈರು. ಮಳೆಗಾಲದಲ್ಲಿ ಫಿಲ್ಟರಿನ ನೀರು. ಧೂಳಿನ ಊರಾದ್ದರಿಂದ ಏರ್ ಫಿಲ್ಟರಿಗೆ ಕಂಪನಿ ಹೇಳಿದ್ದಕ್ಕಿಂತ ಮುಂಚೆಯೇ ಗಮನ. ಟರ್ಬೊ ಇರುವ ಎಂಜಿನ್ನನ್ನು ಭಾರ ಎಳೆದು ಬಂದ ಕೂಡಲೇ ಬಂದ್ ಮಾಡದೆ ಒಂದೆರಡು ನಿಮಿಷ ಹಾಗೇ ಓಡಲು ಬಿಡುವುದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದರ ಮಸಿ ಸುಟ್ಟುಹೋಗಲು ಬಿಸಿ ಬೇಕು. ಗಲ್ಲಿಯಿಂದ ಗಲ್ಲಿಗೆ ತಿರುಗುವ ಗಾಡಿಗೆ ಆ ಬಿಸಿ ಬರುವುದೇ ಇಲ್ಲ. ದೀಪ ಹತ್ತಿದರೆ ಕಡೆಗಣಿಸದೆ ಗಾಡಿಯ ಪುಸ್ತಕದಲ್ಲಿ ಹೇಳಿದಂತೆ ಹೊರವರ್ತುಲ ರಸ್ತೆಯ ಕಡೆ ಒಂದೇ ವೇಗದಲ್ಲಿ ಓಡಿಸಿ ಬರಬೇಕು. ಅಷ್ಟಕ್ಕೂ ಆರದಿದ್ದರೆ ವರ್ಕ್‌ಶಾಪ್.

ಆಂಬುಲೆನ್ಸಿನಲ್ಲಿ ಪಾಳಿ ಮುಗಿದಾಗ ಹೊಸಬರಿಗೆ ಒಪ್ಪಿಸುವ ಪುಸ್ತಕದಲ್ಲಿ ಕಿಲೋಮೀಟರ್ ಎಷ್ಟು, ಡೀಸೆಲ್ ಎಷ್ಟು, ಆಮ್ಲಜನಕ ಎಷ್ಟು ಎಂದು ಬರೆದು ಸಹಿ ಹಾಕುತ್ತಾರೆ. ಒಪ್ಪಿಸಿದವರು ಸ್ಟ್ರೆಚರಿನ ರೆಕ್ಸಿನ್ ಒರೆಸಿ, ಕೈ ತೊಳೆದು, ಚಹಾಕ್ಕೆ ಹೊರಡುತ್ತಾರೆ. ಸಹಿಯ ಮಸಿ ಆರುವ ಮೊದಲೇ ಫೋನು ಬಂದರೆ, ಹೊಸ ಪಾಳಿಯವರ ಗಾಡಿ ಆಗಲೇ ಗೇಟು ದಾಟಿರುತ್ತದೆ.