ಪಿಕಪ್ ಎಂಜಿನ್ ಬದಲಿಸ್ತೀರಾ? ಮೊದಲು ಆರ್‌ಸಿ ತೆಗೆದು ನೋಡಿ

ದೇವದುರ್ಗದ ಹತ್ತಿ, ಮಾನ್ವಿಯ ಭತ್ತ ರಾಯಚೂರಿನ ಮಾರುಕಟ್ಟೆಗೆ ಹೊರಡೋ ಹೊತ್ತಿಗೇ ಹಳೇ ಪಿಕಪ್ ಕೈಕೊಡುತ್ತೆ. “ಎಂಜಿನ್ ಹೋಗ್ಯಾದ, ಬ್ಯಾರೆ ಕೂಡ್ಸೂದೇ ಚಲೋ” ಅಂತಾರೆ ಮಿಸ್ತ್ರಿ. ಸುಗ್ಗಿ ಕಾಯಲ್ಲ, ಸಾಲದ ಕಂತೂ ಕಾಯಲ್ಲ. ಅವಸರಕ್ಕೆ ಸಿಕ್ಕ ಎಂಜಿನ್ ಕೂಡಿಸಿದರೆ ತೊಂದರೆ ಶುರುವಾಗೋದು ಆಮೇಲೆ.

ಎಂಜಿನ್ ನಿಜಕ್ಕೂ ಹೋಗಿದೆಯಾ?

ಕಪ್ಪು ಹೊಗೆಗೆ ಇಂಜೆಕ್ಟರ್ ಅಥವಾ ಏರ್ ಫಿಲ್ಟರ್ ಕಾರಣವಿರಬಹುದು. ನೀಲಿ ಹೊಗೆ ಅಂದರೆ ಆಯಿಲ್ ಉರೀತಿದೆ. ಎಂಜಿನ್ ಚಾಲೂ ಇದ್ದಾಗ ಆಯಿಲ್ ಮುಚ್ಚಳ ತೆಗೆದರೆ ಹೊಗೆ ಬುಸುಗುಟ್ಟುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಆಗಲೂ ಬ್ಲಾಕ್ ಒಡೆದಿರದಿದ್ದರೆ ಬೋರ್ ಮಾಡಿಸಿ ಉಳಿಸಿಕೊಳ್ಳಬಹುದು. ಎಂಜಿನ್ ನಂಬರ್ ಇರೋದು ಬ್ಲಾಕ್ ಮೇಲೆ. ಬ್ಲಾಕ್ ಉಳಿದರೆ ಕಾಗದದ ತಂಟೆಯೂ ಇಲ್ಲ.

ಕಾನೂನು ಏನು ಹೇಳುತ್ತೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಎಂಜಿನ್ ಬದಲಿಸಿದ್ದರೆ 14 ದಿನದೊಳಗೆ ವರದಿ ಮಾಡಿ ಆರ್‌ಸಿಯಲ್ಲಿ ದಾಖಲಿಸಬೇಕು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ನಡೆಯಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಹಾಗಾಗಿ ಹೆಚ್ಚು ಪವರ್ ಆಸೆ ಬಿಡಿ. ಅದೇ ಕಂಪನಿ, ಅದೇ ಮಾದರಿಯ ಎಂಜಿನ್ ಹುಡುಕಿ. ಗೇರ್‌ಬಾಕ್ಸ್, ಮೌಂಟಿಂಗ್, ರೇಡಿಯೇಟರ್ ಕೂಡ ಆಗಲೇ ಸರಿಯಾಗಿ ಕೂಡೋದು.

ಹಳೇ ಎಂಜಿನ್ ಕೊಳ್ಳುವಾಗ ಬಿಲ್ ಮತ್ತು ಅದು ಬಂದ ಗಾಡಿಯ ಆರ್‌ಸಿ ನಕಲು ಕೇಳಿ. ನಂಬರ್ ಉಜ್ಜಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಅದು ಕಳವಿನ ಮಾಲೂ ಆಗಿರಬಹುದು. ಗಾಡಿ ಸಾಲದಲ್ಲಿದ್ದರೆ ಫೈನಾನ್ಸ್‌ನವರ ಲಿಖಿತ ಒಪ್ಪಿಗೆ ಪಡೆಯಿರಿ.

ಕೂಡಿಸುವಾಗ

ಎಂಜಿನ್ ಇಳಿಸಿದಾಗಲೇ ಕ್ಲಚ್ ಪ್ಲೇಟ್, ಹಿಂದಿನ ಆಯಿಲ್ ಸೀಲ್, ಮೌಂಟಿಂಗ್ ರಬ್ಬರ್ ನೋಡಿಸಿ. ಇಲ್ಲದಿದ್ದರೆ ಅದೇ ಕೂಲಿ ಮತ್ತೊಮ್ಮೆ ಕೊಡಬೇಕಾಗುತ್ತೆ. ರಾಯಚೂರಿನ ಬಿಸಿಲಿಗೆ ರೇಡಿಯೇಟರ್ ತೊಳೆಸದೆ ಲೋಡ್ ಹಾಕಲೇಬೇಡಿ. ಚಾಲೂ ಮಾಡಿದ ಕೂಡಲೇ ಆಯಿಲ್ ಪ್ರೆಷರ್ ಗಮನಿಸಿ.

ಆರ್‌ಸಿಗೂ ಬ್ಲಾಕ್‌ಗೂ ನಂಬರ್ ಹೊಂದದಿದ್ದರೆ ಎಫ್‌ಸಿ ಹೊತ್ತಿಗೆ ಗಾಡಿ ನಿಲ್ಲಬಹುದು, ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಬಹುದು. ಒಂದೇ ಗಾಡಿ ನಂಬಿದ ಮನೆಗೆ ಅದು ವರ್ಷದ ದುಡಿಮೆಯ ಪ್ರಶ್ನೆ. ನಿಯಮ ಇರಲಿ. ಆದರೆ ಮಾಲೀಕನನ್ನು ಕೇಳುವ ವ್ಯವಸ್ಥೆ, ಬಿಲ್ ಇಲ್ಲದೆ ಎಂಜಿನ್ ಮಾರಿದವರನ್ನೂ ಕೇಳಬೇಕಲ್ವಾ?